ಹತ್ಯಾರಿನ ಮುಖ

ಯಂತ್ರದ ಮುಂದೆ ನಿಂತವರು ಮೊದಲು ಕೈ ಒರೆಸಿಕೊಳ್ಳಬೇಕು. ಅಂಗಿಗಲ್ಲ, ಬಟ್ಟೆಗೆ. ಆ ಬಟ್ಟೆ ನಿನ್ನೆಯದಾಗಿರಬಾರದು. ಆಮೇಲೆ ಯಂತ್ರದ ಸುತ್ತ ಒಮ್ಮೆ ನಡೆದು ಬರಬೇಕು. ನೆಲಕ್ಕೆ ಎಣ್ಣೆ ಸೋರಿದೆಯೇ, ಗಾಳಿಯ ಒತ್ತಡ ಸರಿಯಿದೆಯೇ, ಹಿಂದಿನ ಪಾಳಿಯವರು ಒಳಗೆ ಏನಾದರೂ ಮರೆತು ಹೋಗಿದ್ದಾರೆಯೇ ನೋಡಬೇಕು. ಗುಂಡಿ ಒತ್ತುವುದು ಕೊನೆಯ ಕೆಲಸ. ಹೊಸಬರು ಗುಂಡಿಯಿಂದಲೇ ಶುರು ಮಾಡುತ್ತಾರೆ.

ಗೋವೆಯ ಫೋಂಡಾದಲ್ಲಿ ನಮ್ಮ ಓಣಿಯ ಸುತ್ತಮುತ್ತ ಬಿಜಾಪುರ, ಬಾಗಲಕೋಟೆ, ಗದಗಿನ ಕಡೆಯ ಮನೆಗಳು ಬಹಳ. ಆ ಮನೆಗಳ ಮಕ್ಕಳು ಐಟಿಐ ಮುಗಿಸಿ ಕಾರ್ಖಾನೆ ಸೇರುವ ಮುಂಚೆ ನನ್ನಲ್ಲಿಗೆ ಬರುತ್ತಾರೆ. “ಕಾಕಾರ, ಒಳಗ ಹೆಂಗಿರತೈತ್ರಿ?” ಎಂದು ಕೇಳುತ್ತಾರೆ. ನಿವೃತ್ತನಾದ ಮೇಲೂ ನಾನು ಬೆಳಗಿನ ಪಾಳಿಯ ಹೊತ್ತಿಗೇ ಏಳುತ್ತೇನೆ, ಸ್ನಾನ ಮುಗಿಸಿ ಅಂಗಿಯ ಗುಂಡಿ ಹಾಕಿಕೊಂಡೇ ಚಹಾ ಕುಡಿಯುತ್ತೇನೆ. ಹಾಗಾಗಿ ಅವರು ಯಾವಾಗ ಬಂದರೂ ಮಾತಿಗೆ ಸಿದ್ಧನಿರುತ್ತೇನೆ. ಬಡ್ತಿಯ ವಿಚಾರ ಕೇಳಿದವರಿಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಒಳಗೆ ಹೇಗಿರುತ್ತದೆ ಎಂದು ಕೇಳಿದವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಶುರುವಾದದ್ದು ಗೋವೆಯ ಗಣಿ ಸೀಮೆಯ ಕುಡಚಡೆಯಲ್ಲಿ. ಅಪ್ಪ ಅದಿರು ತುಂಬುವ ಕೆಲಸಕ್ಕೆಂದು ಗದಗಿನ ಕಡೆಯಿಂದ ಬಂದವರು. ನನ್ನನ್ನು ಅದಿರಿನ ಲಾರಿಗಳ ರಿಪೇರಿ ಮಾಡುವ ಒಂದು ಶೆಡ್ಡಿಗೆ ಸೇರಿಸಿದರು. ಶೆಡ್ಡಿನ ಮಾಲೀಕರು ಕಾಮತರು, ಫೋಂಡಾದವರು, ಎಂಜಿನಿಯರಿಂಗ್ ಓದಿದವರು. ಅಲ್ಲಿನ ಹಿರಿಯ ಲೇಥ್ ಮೇಸ್ತ್ರಿ ಬಾಳಪ್ಪ, ಬಾದಾಮಿಯ ಕಡೆಯವರು. ಹಣೆಯ ತುಂಬ ವಿಭೂತಿ, ಕಿವಿಯ ಮೇಲೆ ಪೆನ್ಸಿಲು. ನಾನು ಅವರ ಕೈಕೆಳಗೆ ಕೆಲಸ ಕಲಿತೆ.

ಲೇಥ್ ಎಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ. ಅದರಲ್ಲಿ ತುಂಡನ್ನು ಹಿಡಿಯುವ ಭಾಗಕ್ಕೆ ಚಕ್ಕು ಎನ್ನುತ್ತೇವೆ. ಅದನ್ನು ಬಿಗಿ ಮಾಡಲು ಒಂದು ದಪ್ಪ ಚಾವಿ ಇರುತ್ತದೆ. ಬಿಗಿ ಮಾಡಿದ ಮೇಲೆ ಚಾವಿಯನ್ನು ತೆಗೆಯದೆ ಯಂತ್ರ ಚಾಲೂ ಮಾಡಿದರೆ ಅದು ಕವಣೆಯ ಕಲ್ಲಿನ ಹಾಗೆ ಹಾರುತ್ತದೆ. ನಾನು ಸೇರಿದ ಹೊಸತರಲ್ಲಿ ಒಬ್ಬ ಟರ್ನರ್ ಹಾಗೆಯೇ ಮಾಡಿದ. ಚಾವಿ ಅವನ ಕಿವಿಯ ಪಕ್ಕದಿಂದ ಹಾದು ತಗಡಿನ ಸೂರನ್ನು ತೂರಿಕೊಂಡು ಹೋಯಿತು. ಬಾಳಪ್ಪ ಅವನನ್ನು ಬೈಯಲಿಲ್ಲ. ಮರುದಿನ ಕಾಮತರು ತಗಡು ಬದಲಿಸಲು ಆಳನ್ನು ಕರೆಸಿದಾಗ ಮಾತ್ರ ಅಡ್ಡ ಬಂದರು.

“ಆ ತೂತು ಮುಚ್ಚಬ್ಯಾಡ್ರಿ ಸಾಹೇಬ್ರ. ಇರಲಿ.”

“ಮಳೆಗಾಲದಲ್ಲಿ ಸೋರುತ್ತದಲ್ಲ ಮಾರಾಯ?”

“ಸೋರ್ಲಿ. ಬಕೆಟ್ ಇಡತೇನಿ.”

ಕುಡಚಡೆಯ ಶೆಡ್ಡು ಮುಚ್ಚುವವರೆಗೂ ಪ್ರತಿ ಮಳೆಗಾಲ ಆ ತೂತಿನ ಕೆಳಗೆ ಒಂದು ಬಕೆಟ್ ಇರುತ್ತಿತ್ತು. ಅದರೊಳಗೆ ನೀರು ಬೀಳುವ ಸದ್ದು ಕೇಳಿದಾಗಲೆಲ್ಲ ನಮ್ಮ ಕೈ ತಾನಾಗಿ ಚಾವಿ ತೂಗುಹಾಕುವ ಗೂಟದ ಕಡೆ ಹೋಗುತ್ತಿತ್ತು. ಸುರಕ್ಷತೆಯ ಮೇಲೆ ಆಮೇಲೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಆ ಬಕೆಟ್ಟಿನಷ್ಟು ಕೆಲಸ ಯಾವುದೂ ಮಾಡಲಿಲ್ಲ.

ಇನ್ನೊಂದು ಸಂಗತಿ ಗೋವೆಯ ಹವೆಯದು. ಇಲ್ಲಿ ಗಾಳಿಯಲ್ಲಿ ನೀರಿದೆ, ಉಪ್ಪಿದೆ. ಹೊಳೆಯುವ ಹಾಗೆ ಮುಗಿಸಿದ ತುಂಡನ್ನು, ನಮ್ಮ ಮಾತಿನಲ್ಲಿ ಜಾಬನ್ನು, ಎಣ್ಣೆ ಸವರದೆ ಬಿಟ್ಟರೆ ಬೆಳಗಾಗುವುದರಲ್ಲಿ ಕೆಂಪಾಗುತ್ತದೆ. ಅದರಲ್ಲೂ ಕೆಲವರ ಬೆವರು ಬಹಳ ಖಾರ. ನಮ್ಮಲ್ಲೊಬ್ಬನಿದ್ದ, ಒಳ್ಳೆಯ ಕೆಲಸಗಾರ. ಅವನು ಮುಟ್ಟಿದ ಶಾಫ್ಟಿನ ಮೇಲೆ ಮರುದಿನ ಐದೂ ಬೆರಳು ಅಚ್ಚು ಒತ್ತಿದಂತೆ ಮೂಡಿರುತ್ತಿದ್ದವು. ಯಾರು ಮುಟ್ಟಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅವನನ್ನು ವೆಲ್ಡಿಂಗ್ ಕಡೆಗೆ ಕಳಿಸಿದಾಗ ಅವನಿಗೆ ಸಿಟ್ಟು ಬಂತು.

“ನನ್ನ ಬೆವರು ಏನ್ ಪಾಪ ಮಾಡೈತ್ರಿ? ಎಲ್ಲಾರಂಗ ನಾನೂ ರೊಟ್ಟಿನ ತಿಂತೇನಿ.”

“ಪಾಪದ ಮಾತಲ್ಲೋ. ನಿನ್ನ ಕೈಯಾಗಿಂದು ಕಬ್ಬಿಣದ ಮ್ಯಾಲ ಉಳಿಯಾಕತ್ತೈತಿ, ಅಷ್ಟ,” ಎಂದರು ಬಾಳಪ್ಪ.

ಕೈಗವಸು ಹಾಕಬಹುದಲ್ಲ ಎಂದು ನೀವು ಕೇಳಬಹುದು. ತಿರುಗುವ ಯಂತ್ರದ ಹತ್ತಿರ ಕೈಗವಸು ಹಾಕಬಾರದು, ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಮುಗಿದ ಜಾಬನ್ನು ಎತ್ತಿಡುವಾಗ ಮಾತ್ರ ಹಾಕಬೇಕು. ಇದನ್ನು ಮರೆಯಬೇಡಿ.

ಗಣಿ ನಿಂತ ಮೇಲೆ ಕುಡಚಡೆಯಲ್ಲಿ ಲಾರಿಗಳು ಸಾಲಾಗಿ ನಿಂತವು. ಅವುಗಳ ಚಕ್ರದ ನಡುವೆ ಹುಲ್ಲು ಬೆಳೆಯಿತು. ಕಾಮತರು ಶೆಡ್ಡು ಮುಚ್ಚಿ ಫೋಂಡಾದ ಹತ್ತಿರದ ಕೈಗಾರಿಕಾ ವಸಾಹತಿನಲ್ಲಿ ಹೊಸ ಕಾರ್ಖಾನೆ ತೆರೆದರು. ಬೆಳಗಾವಿಯಿಂದ ಎರಕದ ಪಂಪ್ ಕವಚಗಳು ಬರುತ್ತಿದ್ದವು. ಅವುಗಳನ್ನು ಕೊರೆದು, ಅಳತೆಗೆ ತಂದು, ಪಂಪ್ ಮಾಡುವವರಿಗೆ ಕೊಡುವುದು ನಮ್ಮ ಕೆಲಸ. ಬಾಳಪ್ಪನವರೂ ನಾನೂ ಜತೆಯಲ್ಲೇ ಬಂದೆವು. ಅವರು ಲೇಥ್ ಬಿಡಲಿಲ್ಲ. ನಾನು ಯಂತ್ರಗಳನ್ನು ಹೊಂದಿಸಿ ಕೊಡುವ ಸೆಟ್ಟರ್ ಆದೆ.

ಕಾಮತರ ಬಗ್ಗೆ ಒಂದು ಮಾತು. ಅವರ ಮುಂದೆ ಹೋಗಿ “ಸಾಹೇಬ್ರ, ಬಹುಶಃ ಹಿಂಗಾಗಿರಬೇಕು” ಎಂದರೆ ಅವರು ಕನ್ನಡಕ ಮೇಲೆ ಸರಿಸಿ ಒಂದೇ ಮಾತು ಕೇಳುತ್ತಿದ್ದರು. “ಮೆಜ್ಲೆಂ?” ಕೊಂಕಣಿಯಲ್ಲಿ ಹಾಗೆಂದರೆ ಅಳೆದೆಯಾ ಎಂದು. ಅಳೆಯದೆ ಹೋದವನು ಬಾಗಿಲಿನಿಂದಲೇ ವಾಪಸ್ ಬರಬೇಕು. ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ಇವರಷ್ಟು ಕಡಿಮೆ ಮಾತಿನಲ್ಲಿ ಕಲಿಸಿದವರಿಲ್ಲ.

ಅವರು ತರಿಸಿದ ಹೊಸ ಮಷೀನಿಂಗ್ ಸೆಂಟರ್ ಒಂದು ಕೋಣೆಯಷ್ಟು ದೊಡ್ಡದಿತ್ತು. ಕೊರೆಯುವುದು, ಕೆತ್ತುವುದು, ತೂತಿನೊಳಗೆ ತಿರುಪಿನ ಗೆರೆ ಹಾಕುವುದು ಎಲ್ಲವನ್ನೂ ಅದು ಒಂದೇ ಕಡೆ ಮಾಡುತ್ತದೆ. ಹಿಂಬದಿಯ ಗೂಡಿನಲ್ಲಿ ಹತ್ಯಾರುಗಳು, ಅಂದರೆ ಕತ್ತರಿಸುವ ಉಪಕರಣಗಳು, ಸಾಲಾಗಿ ನೇತಾಡುತ್ತವೆ. ಬೇಕಾದದ್ದನ್ನು ಯಂತ್ರವೇ ತೆಗೆದುಕೊಂಡು ಬೇಡವಾದದ್ದನ್ನು ವಾಪಸ್ ಇಡುತ್ತದೆ. ಪ್ರತಿ ಹತ್ಯಾರಿಗೂ ಹೋಲ್ಡರ್ ಎಂಬ ಉಕ್ಕಿನ ಹಿಡಿ ಇರುತ್ತದೆ. ಅದರ ಮೇಲ್ತುದಿ ಬೋರಲಿಟ್ಟ ಲೋಟದ ಹಾಗೆ ಇಳಿಜಾರು, ಕನ್ನಡಿಯಂತೆ ಹೊಳಪು. ಆ ತುದಿ ತಿರುಗುವ ಸ್ಪಿಂಡಲಿನ ಬಾಯೊಳಗೆ ಹೋಗಿ ಕೂರುತ್ತದೆ. ಇಡುವ ಮುಂಚೆ ಪ್ರತಿ ಸಲ ಅದನ್ನು ಒರೆಸಬೇಕು ಎಂದು ಪುಣೆಯಿಂದ ಬಂದಿದ್ದ ತಂತ್ರಜ್ಞ ಕಲಿಸಿಕೊಟ್ಟ. ಕಲಿತದ್ದು ನಾನು ಮತ್ತು ಹೊಸ ಹುಡುಗಿ ರೇಣುಕಾ. ಬಾಳಪ್ಪನವರನ್ನೂ ಕರೆದೆ. ಅವರು ದೂರದಿಂದಲೇ ನೋಡಿದರು.

“ಬಾಗಲಾ ಹಾಕ್ಕೊಂಡು ಒಳಗೊಳಗ ಏನ್ ಮಾಡತೈತೋ! ಹೊಸಾ ಸೊಸಿ ಬಂದಂಗಾತಲ್ಲೋ ಸಂಗ್ಯಾ,” ಎಂದು ನನ್ನನ್ನು ನೋಡಿ ನಕ್ಕು ಲೇಥಿಗೆ ಮರಳಿದರು.

ರೇಣುಕಾಳ ತಂದೆ ತಾಯಿ ವಾಸ್ಕೋದಲ್ಲಿ ಕಟ್ಟಡದ ಕೆಲಸ ಮಾಡುವವರು. ಅವಳು ಐಟಿಐ ಮುಗಿಸಿ ನಮ್ಮಲ್ಲಿ ಮೊದಲು ಅಳತೆ ನೋಡುವ ವಿಭಾಗದಲ್ಲಿದ್ದಳು. ದಿನಾ ವಾಸ್ಕೋದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮಳೆಗಾಲ ಮುಗಿಯುತ್ತಿದ್ದಂತೆ ಕಾಮತರು ಅವಳನ್ನು ಹೊಸ ಯಂತ್ರದ ಮೇಲೆ ಹಾಕಿದರು. ದೀಪಾವಳಿಯವರೆಗೆ ಪರೀಕ್ಷೆ. ಸರಿಹೋದರೆ ಯಂತ್ರ ಅವಳದು, ಇಲ್ಲವಾದರೆ ಪ್ಯಾಕಿಂಗ್ ವಿಭಾಗ. ನಮ್ಮ ಕಾರ್ಖಾನೆಯಲ್ಲಿ ಹೆಂಗಸರು ಯಂತ್ರ ನಡೆಸಿದ್ದು ಅದೇ ಮೊದಲು.

“ಪ್ಯಾಕಿಂಗಕ್ಕ ಹೋದ್ರ ತಿರುಗಿ ಈ ಕಡೆ ಯಾರೂ ಕರಿಯೂದಿಲ್ರೀ ಕಾಕಾರ,” ಎಂದು ಅವಳೊಮ್ಮೆ ನನ್ನ ಬಳಿ ಹೇಳಿದಳು. ಅದು ನಿಜ. ಅಲ್ಲಿಗೆ ಹೋಗಿ ವಾಪಸ್ ಬಂದವರನ್ನು ನಾನು ನೋಡಿಲ್ಲ.

ಅವಳು ಜಾಗರೂಕಳು ಎಂಬುದಕ್ಕೆ ಒಂದು ಉದಾಹರಣೆ. ಯಂತ್ರಕ್ಕೆ ಕೊಡುವ ಆಜ್ಞೆಗಳಲ್ಲಿ ಅಂಕಿಯ ಕೊನೆಗೆ ದಶಮಾಂಶದ ಚುಕ್ಕೆ ಇಡಬೇಕು. ಪುಣೆಯ ತಂತ್ರಜ್ಞನೇ ಒಮ್ಮೆ ಮಾತಿನ ಭರದಲ್ಲಿ ಚುಕ್ಕೆ ಬಿಟ್ಟ. ಗೇಣುದ್ದ ಮೇಲೆ ಏಳಬೇಕಾದ ಡ್ರಿಲ್ಲು ಕೂದಲೆಳೆಯಷ್ಟು ಎದ್ದು ನಿಂತಿತು. ಇನ್ನೂ ತೂತಿನೊಳಗೇ ಇರುವಾಗ ಜಾಬು ಹೊತ್ತ ಮೇಜು ಸರಿಯಿತು. ಡ್ರಿಲ್ಲು ಮುರಿದ ಸದ್ದು ಗೇಟಿನವರೆಗೆ ಕೇಳಿತು. ಅಂದಿನಿಂದ ರೇಣುಕಾ ಪ್ರತಿ ಸಾಲನ್ನೂ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಳು, ಚುಕ್ಕೆ ಬಂದಲ್ಲಿ “ಪಾಯಿಂಟ್” ಎಂದು ಒತ್ತಿ ಹೇಳುತ್ತಿದ್ದಳು. ಬಾಳಪ್ಪ ಲೇಥಿನ ಹತ್ತಿರದಿಂದಲೇ, “ಆತು, ಮಂತ್ರಾ ಶುರು ಆತು. ಗಂಟಿ ಬಾರಸ್ರಿ ಯಾರರ,” ಎನ್ನುತ್ತಿದ್ದರು. ಅವಳೂ ಬಿಡುತ್ತಿರಲಿಲ್ಲ. “ಗಂಟಿ ನೀವ ಬಾರಸ್ರಿ ಅಜ್ಜಾರ, ನಾ ಮಂಗಳಾರತಿ ಮಾಡತೇನಿ.”

ಆ ಯಂತ್ರ ಬಂದ ಮೇಲೆ ಮೊದಲ ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಬಂತು.

ನಮ್ಮ ಕಡೆಯವರಿಗೆ ಆ ದಿನ ಹತ್ಯಾರಿಗೆ ವಿಶ್ರಾಂತಿ. ಎಲ್ಲವನ್ನೂ ತೊಳೆದು ಒರೆಸಿ, ಕೆಂಪು ಬಟ್ಟೆಯ ಮೇಲೆ ಹರಡಿ, ಗಂಧ, ವಿಭೂತಿ, ಕುಂಕುಮ ಏರಿಸುತ್ತೇವೆ. ಪೂಜೆ ಮಾಡುವ ಹಕ್ಕು ಹಿರಿಯರದು, ಅಂದರೆ ಬಾಳಪ್ಪನವರದು. ಹಚ್ಚಿದ ಗಂಧವನ್ನು ಯಾರೂ ಒರೆಸುವಂತಿಲ್ಲ, ಕೆಲಸದಲ್ಲಿ ತಾನಾಗಿ ಹೋಗಬೇಕು. ಕುಡಚಡೆಯಲ್ಲಿ ದಶಕಗಳ ಕಾಲ ಹಾಗೆಯೇ ನಡೆದಿತ್ತು. ಆ ದಿನ ನಾನು ಗೇಟಿನಲ್ಲಿ ಟೆಂಪೋ ಮತ್ತು ಕಾಮತರ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದರಲ್ಲಿದ್ದೆ. ಒಳಗೆ ಬರುವಷ್ಟರಲ್ಲಿ ಆರತಿಯಾಗಿ ಎಲ್ಲರ ಕೈಯಲ್ಲೂ ಚುರುಮುರಿ ಪೊಟ್ಟಣ ಇತ್ತು. ಹತ್ಯಾರುಗಳು ಆಗಲೇ ಯಂತ್ರದ ಗೂಡು ಸೇರಿದ್ದವು.

ಮರುದಿನ ದಸರೆ, ರಜೆ. ಅದರ ಮರುದಿನ ಬೆಳಿಗ್ಗೆ ಕೆಲಸ ಶುರು. ರೇಣುಕಾ ಬನ್ನಿ ಎಲೆ ತಂದಿದ್ದಳು. ಎಲ್ಲರ ಕೈಗೂ ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎಂದು ಹಿರಿಯರ ಕಾಲು ಮುಟ್ಟಿದಳು. ಬಾಳಪ್ಪ ಲೇಥಿನಲ್ಲಿ ಕೈ ಹಾಕಿಕೊಂಡಿದ್ದರು. “ಅಲ್ಲೇ ಇಡು ತಂಗಿ,” ಎಂದರು. ಅವಳು ಲೇಥಿನ ತಲೆಯ ಮೇಲೆ ಒಂದು ಚಿಕ್ಕ ಗೊಂಚಲು ಇಟ್ಟು ತನ್ನ ಯಂತ್ರಕ್ಕೆ ಹೋದಳು.

ಮೊದಲ ಕವಚ ಹೊರಗೆ ಬಂತು. ಬೇರಿಂಗ್ ಕೂರುವ ತೂತನ್ನು ನೋಡಲು ನಮ್ಮಲ್ಲಿ ಎರಡು ತುದಿಯ ಗೇಜು ಇದೆ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋಗಬಾರದ ತುದಿ ಸರಕ್ಕನೆ ಒಳಗೆ ಹೋಯಿತು. ತೂತು ದೊಡ್ಡದಾಗಿದೆ ಎಂದರ್ಥ. ರೇಣುಕಾ ಆ ಕ್ಷಣವೇ ಯಂತ್ರ ನಿಲ್ಲಿಸಿ ನನ್ನನ್ನು ಕರೆದಳು. ಅದು ಸರಿಯಾದ ಕ್ರಮ. ಕೆಟ್ಟದ್ದನ್ನು ಕಂಡ ಮೇಲೆ ಇನ್ನೊಂದು ಮಾಡಿ ನೋಡೋಣ ಎಂದು ಹೋಗಬಾರದು. ಎರಡನೆಯದನ್ನು ಕಾಮತರ ಎದುರಿಗೇ ಮಾಡಿಸಿದೆವು. ಅದೂ ದೊಡ್ಡದು, ಆದರೆ ಮೊದಲನೆಯದರಷ್ಟಲ್ಲ. ಮೂರನೆಯದು ಮತ್ತೂ ಬೇರೆ.

ಆ ತೂತನ್ನು ಕೊರೆಯುವ ಹತ್ಯಾರು ಬೋರಿಂಗ್ ಬಾರ್. ಅದರ ತುದಿಯಲ್ಲಿ ಅಳತೆ ಹೊಂದಿಸುವ ಒಂದು ಸ್ಕ್ರೂ ಇರುತ್ತದೆ. ಅಳತೆ ಹೀಗೆ ಓಡಾಡುತ್ತಿದ್ದರೆ ಯಾರಿಗಾದರೂ ಮೊದಲು ಬರುವ ಅನುಮಾನ ಸ್ಕ್ರೂ ತಿರುಗಿಸಿದ ಕೈಯ ಮೇಲೆ.

“ನಾ ಸ್ಕ್ರೂ ಮುಟ್ಟೇ ಇಲ್ರೀ ಸಾಹೇಬ್ರ,” ಎಂದಳು ರೇಣುಕಾ.

ಕಾಮತರು ನನ್ನನ್ನು ಪಕ್ಕಕ್ಕೆ ಕರೆದು, “ತಿಕಾ ಪ್ಯಾಕಿಂಗಾಕ ಧಾಡ್, ಸಂಗಪ್ಪ,” ಎಂದರು. ಅವಳನ್ನು ಪ್ಯಾಕಿಂಗಿಗೆ ಕಳಿಸು ಎಂದು. “ಯಂತ್ರಕ್ಕೆ ನೀನೇ ನಿಲ್ಲು. ಕವಚಗಳು ನಾಳೆ ಹೋಗಬೇಕು.”

“ಸಾಹೇಬ್ರ, ಸ್ಕ್ರೂ ತಿರುಗಿದ್ದನ್ನ ಯಾರು ನೋಡ್ಯಾರ?”

“ಯಾರು ನೋಡಬೇಕು? ತೂತೇ ಹೇಳುತ್ತಿದೆಯಲ್ಲ.”

“ಮೆಜ್ಲೆಂ, ಸಾಹೇಬ್?” ಎಂದೆ.

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ತಮ್ಮ ಮಾತೇ ತಮಗೆ ವಾಪಸ್ ಬಂದದ್ದು ಅವರಿಗೆ ಅರ್ಥವಾಯಿತು. ಮೂಗಿನಲ್ಲೇ ನಕ್ಕರು. “ಸಂಜೆಯವರೆಗೆ ಸಮಯ. ಆಮೇಲೆ ನನ್ನ ಮಾತು.”

ಚಹಾದ ಹೊತ್ತಿಗೆ ಕಾರ್ಖಾನೆಯಲ್ಲಿ ಬೇರೆಯೇ ಕಾರಣ ಹುಟ್ಟಿಕೊಂಡಿತ್ತು. ಡ್ರಿಲ್ಲಿಂಗಿನ ಒಬ್ಬ ಬಸಿಯಿಂದ ಚಹಾ ಸೊರ್ರನೆ ಎಳೆದು, “ಪೂಜಿ ಆದ ಮಿಷನ್ನು. ಮೊದಲ ಹೆಣ್ಣಿನ ಕೈ ಬಿತ್ತು. ಇನ್ನೇನಾಗತೈತಿ?” ಎಂದ. ಇನ್ನೊಬ್ಬ ತಲೆಯಾಡಿಸಿದ. ಬಾಳಪ್ಪ ಅಲ್ಲೇ ಕುಳಿತು ಬೀಡಿ ಸೇದುತ್ತಿದ್ದರು.

“ನೀವೇನಂತೀರಿ?” ಎಂದು ಅವರನ್ನು ಕೇಳಿದೆ.

“ನಾ ಏನೂ ಅನ್ನೂದಿಲ್ಲ. ಅಂದಿನ ದಿನಾ ಆಕೀನ ಹತ್ಯಾರ ಮುಟ್ಟಾಕ ಬಿಟ್ಟಿಲ್ಲ. ನೀ ಅಲ್ಲೇ ನಿಂದ್ರು ತಂಗಿ, ನಾನ ಇಡತೇನಿ ಅಂದೆ. ಎಲ್ಲಾ ಶುದ್ಧ ಇತ್ತು.” ಹೊಗೆ ಬಿಟ್ಟರು. “ಲೇಥ್ ಮ್ಯಾಲ ಹಿಂಗ ಎಂದೂ ಆಗಿಲ್ಲ.”

ರೇಣುಕಾ ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದಳು. ಎಲ್ಲ ಕೇಳಿಸಿತ್ತು. ನಾನು ಯಂತ್ರದ ಕಡೆ ಹೋದಾಗ ಹಿಂದೆಯೇ ಬಂದಳು.

“ಕಾಕಾರ, ಅವರಂದದ್ದು ಖರೇ ಏನ್ರೀ?”

ಅವಳು ಸ್ಕ್ರೂ ಮುಟ್ಟಿಲ್ಲ ಎಂದು ಹೇಳಿದ್ದ ದನಿಯೇ ಬೇರೆ, ಈ ದನಿಯೇ ಬೇರೆ. ಮೊದಲಿನದರಲ್ಲಿ ಅವಳಿಗೆ ತನ್ನ ಮೇಲೆ ನಂಬಿಕೆಯಿತ್ತು.

“ಯಾರ ಕೈ ಅನ್ನೂದು ಮಿಷನ್ನಿಗೆ ಗೊತ್ತಾಗೂದಿಲ್ಲವಾ. ಕೈಯಾಗ ಏನೈತಿ ಅನ್ನೂದಷ್ಟ ಗೊತ್ತಾಗತೈತಿ. ಹೋಗು, ಡಯಲ್ ತಗೊಂಡು ಬಾ.”

ದೋಷ ಹುಡುಕುವಾಗ ಸುಲಭದ್ದರಿಂದ ಶುರು ಮಾಡಬೇಕು. ಮೊದಲು ಸ್ಕ್ರೂ ನೋಡಿದೆ. ರಜೆಗೆ ಮುಂಚೆ ನಾನೇ ಹೊಂದಿಸಿ, ಮೇಲೆ ಬಣ್ಣದ ಗೆರೆ ಎಳೆದಿದ್ದೆ. ಗೆರೆ ಮುರಿದಿರಲಿಲ್ಲ. ಅಲ್ಲಿಗೆ ಒಂದು ಅನುಮಾನ ಹೋಯಿತು. ಕವಚವನ್ನು ಹಿಡಿದಿಡುವ ಕ್ಲ್ಯಾಂಪುಗಳು ಗಟ್ಟಿಯಾಗಿದ್ದವು. ಇನ್ನು ಉಳಿದದ್ದು ಸ್ಪಿಂಡಲ್. ಅದು ಕೆಟ್ಟಿದ್ದರೆ ಪುಣೆಯವರು ಬರುವತನಕ ಎಲ್ಲರೂ ಕೈಕಟ್ಟಿ ಕೂರಬೇಕು. ಪರೀಕ್ಷೆಗೆಂದೇ ಮರದ ಪೆಟ್ಟಿಗೆಯಲ್ಲಿಟ್ಟ ಒಂದು ನೇರ ಉಕ್ಕಿನ ಸರಳಿದೆ. ಅದನ್ನು ಒರೆಸಿ ಸ್ಪಿಂಡಲಿಗೆ ಹಾಕಿ, ಕೈಯಿಂದ ತಿರುಗಿಸುತ್ತ, ಕೂದಲೆಳೆಯಷ್ಟು ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಹಿಡಿದೆ. ಮುಳ್ಳು ಅಲ್ಲಾಡಲಿಲ್ಲ. ಸ್ಪಿಂಡಲ್ ಸರಿಯಿತ್ತು.

ಸರಳು ತೆಗೆದು ಬೋರಿಂಗ್ ಬಾರ್ ಹಾಕಿದೆ. ಮುಳ್ಳು ಗಡಿಯಾರದ ಲೋಲಕದ ಹಾಗೆ ಆಚೀಚೆ ಆಡಿತು.

“ಓಲಾಡಾಕತ್ತೈತ್ರಿ!” ಎಂದಳು ರೇಣುಕಾ.

ಸ್ಪಿಂಡಲ್ ನೆಟ್ಟಗಿದೆ, ಅದರೊಳಗೆ ಕೂತ ಬಾರ್ ಸೊಟ್ಟಗಿದೆ. ಹಾಗಾದರೆ ಎರಡರ ನಡುವೆ ಏನೋ ಇರಬೇಕು. ಬಾರನ್ನು ಹೊರಗೆ ತೆಗೆದೆ. ಅದರ ಹಿಡಿಯ ಹೊಳೆಯುವ ಇಳಿಜಾರಿನ ಮೇಲೆ ಮಸುಕಾದ ಕಂದು ಗೆರೆಗಳು. ತುಕ್ಕು ಎಂದುಕೊಂಡೆ. ಗೋವೆಯಲ್ಲಿ ನಲವತ್ತು ಮಳೆಗಾಲ ಕಳೆದವನು ಮತ್ತೇನು ಅಂದುಕೊಂಡಾನು? ಬಿಳಿ ಬಟ್ಟೆಯಿಂದ ಒರೆಸಿದೆ. ತುಕ್ಕಿನ ಹಾಗೆ ಅಂಟಿಕೊಳ್ಳದೆ ಪುಡಿಪುಡಿಯಾಗಿ ಬಂತು. ಬಟ್ಟೆಯನ್ನು ಮೂಗಿನ ಹತ್ತಿರ ತಂದೆ.

ಗಂಧದ ವಾಸನೆ. ಜೊತೆಗೆ ಚೂರು ಕರ್ಪೂರ.

ಬಟ್ಟೆಯನ್ನು ರೇಣುಕಾಳಿಗೆ ಕೊಟ್ಟೆ. ಅವಳೂ ಮೂಸಿ ನೋಡಿದಳು. ನನ್ನ ಮುಖ ನೋಡಿ, ಆಮೇಲೆ ಲೇಥಿನ ಕಡೆ ನೋಡಿದಳು. “ಅಜ್ಜಾರಿಗೆ ಯಾರೂ ಏನೂ ಅನ್ನಬ್ಯಾಡ್ರಿ ಕಾಕಾರ,” ಎಂದಳು ಮೆಲ್ಲಗೆ.

ಸುಮ್ಮನೆ ಒರೆಸಿ, ಎಲ್ಲ ಸರಿಹೋಯಿತು ಎಂದುಬಿಡುವುದು ನನಗೆ ಕಷ್ಟವಿರಲಿಲ್ಲ. ಆದರೆ ಹಾಗೆ ಮಾಡಿದರೆ ಸ್ಕ್ರೂ ತಿರುಗಿಸಿದ ಅನುಮಾನ ಅವಳ ಮೇಲೆಯೇ ಉಳಿಯುತ್ತಿತ್ತು. ಹೆಣ್ಣಿನ ಕೈಯ ಮಾತು ಮುಂದಿನ ಖಂಡೇ ಪೂಜೆಗೂ ಎದ್ದು ಬರುತ್ತಿತ್ತು. ಇನ್ನೊಂದೆಡೆ, ನೇರ ಕಾಮತರಿಗೆ ಹೇಳಿದರೆ ನನಗೆ ಕೆಲಸ ಕಲಿಸಿದ ಮನುಷ್ಯ ಎಲ್ಲರೆದುರು ತಲೆ ತಗ್ಗಿಸಬೇಕಿತ್ತು. ಊಟದ ಗಂಟೆಯಾಗಿ ಎಲ್ಲರೂ ಡಬ್ಬಿ ಹಿಡಿದು ಹೊರಗೆ ಹೋಗುವವರೆಗೆ ಕಾದು, ಬಾಳಪ್ಪನವರನ್ನು ಯಂತ್ರದ ಹತ್ತಿರ ಕರೆದೆ. ಬಟ್ಟೆ ಕೊಟ್ಟೆ.

“ವಾಸನಿ ನೋಡ್ರಿ.”

ನೋಡಿದರು. “ಗಂಧ. ನಾನ ತೇದದ್ದು. ಎಲ್ಲಿತ್ತು?”

ಬಾರನ್ನು ತೋರಿಸಿದೆ. “ಇಲ್ಲಿ. ಎಲ್ಲಾ ಹತ್ಯಾರಿಗೂ ಇಲ್ಲೇ ಹಚ್ಚೀರೇನು?”

“ಮತ್ತೆಲ್ಲಿ ಹಚ್ಚಬೇಕಿತ್ತು? ತುದಿಗೆ ಹಚ್ಚಾಕ ಹೋದ್ರ ಕೈ ಕೊಯ್ಯತೈತಿ. ಹೊಳಿಯೂ ಕಡೆ ಮಾರಿ ಇರತೈತಿ. ಮಾರಿಗೆ ಮೂರು ಗೆರಿ ಎಳದೆ,” ಎಂದರು. ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತೇವೆ.

“ಅದು ಮಾರಿ ಅಲ್ರೀ. ಒಳಗ ಹೋಗಿ ಕುಂಡರೂ ಕಡೆ. ಅಲ್ಲಿ ಧೂಳದ ಕಣ ಇದ್ರೂ ತುದಿ ಓಲಾಡತೈತಿ.”

ಬಾಳಪ್ಪ ಬಾರನ್ನು ತಿರುಗಿಸಿ ತಿರುಗಿಸಿ ನೋಡಿದರು. “ಕುಂಡರೂ ಕಡೆ?”

“ಹೌದ್ರಿ.”

“ಅಂದ್ರ ನಾ ಕುಂಡಿಗೆ ಗಂಧಾ ಹಚ್ಚಿದ್ನೇನೋ ಸಂಗ್ಯಾ!”

ಇಬ್ಬರೂ ನಕ್ಕೆವು. ಖಾಲಿ ಶೆಡ್ಡಿನಲ್ಲಿ ನಗು ಜೋರಾಗಿಯೇ ಕೇಳಿತು. ಆಮೇಲೆ ಅವರ ನಗು ನಿಂತಿತು. ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

“ಆ ಹುಡುಗಿ ಮ್ಯಾಲ ಹಾಕಿದ್ರಲ್ಲೋ ಎಲ್ಲಾರೂ.”

“ನೀವು ಅಲ್ಲೇ ಕುಂತಿದ್ರಿ.”

“ಕುಂತಿದ್ದೆ,” ಎಂದರು. “ಕುಂತ ಕೇಳಿದೆ.”

ಅವರು ಡಬ್ಬಿ ಬಿಚ್ಚಲಿಲ್ಲ. ನೇರವಾಗಿ ಕಾಮತರ ಕೋಣೆಗೆ ಹೋದರು. ಊಟ ಮುಗಿದ ಗಂಟೆ ಹೊಡೆದು ಎಲ್ಲರೂ ಒಳಗೆ ಬರುವ ಹೊತ್ತಿಗೆ ಕಾಮತರ ಜೊತೆ ವಾಪಸ್ ಬಂದು ಹೊಸ ಯಂತ್ರದ ಮುಂದೆ ನಿಂತರು. ಲೇಥಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ದನಿ, ಮೂಲೆಯವರಿಗೂ ಕೇಳಿಸಿತು.

“ತೂತು ದೊಡ್ಡದಾಗಿದ್ದು ನನ್ನ ಗಂಧದಿಂದ. ಮಿಷನ್ನು ಸುದ್ದ ಐತಿ. ಆಕಿ ಕೈ ಸುದ್ದ ಐತಿ. ಇನ್ನ ಯಾರರ ಬ್ಯಾರೆ ಮಾತಾಡಿದ್ರ ನನ್ನ ಮುಂದ ಬಂದು ಮಾತಾಡ್ರಿ.”

ಬೆಳಿಗ್ಗೆ ಬಸಿಯಲ್ಲಿ ಚಹಾ ಎಳೆದಿದ್ದವನು ತನ್ನ ಡ್ರಿಲ್ಲಿಗೆ ಎಣ್ಣೆ ಹಾಕಲು ಬಗ್ಗಿದ. ಎಣ್ಣೆ ಹಾಕುವ ಹೊತ್ತಲ್ಲ ಅದು. ಕಾಮತರು ಬಾಳಪ್ಪನವರ ಭುಜ ಮುಟ್ಟಿ, “ದೇವಾಕ ಬರೆಂ, ಮಶೀನಾಕ ನ್ಹಂಯ್,” ಎಂದರು. ದೇವರಿಗೆ ಒಳ್ಳೆಯದೇ, ಯಂತ್ರಕ್ಕಲ್ಲ.

ಬಾಳಪ್ಪ ಒಂದು ಸ್ಟೂಲ್ ಎಳೆದುಕೊಂಡು ಕುಳಿತರು. ಗೂಡಿನಿಂದ ಇಳಿಸಿದ ಹತ್ಯಾರುಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ತಾವು ಹಚ್ಚಿದ ಗಂಧವನ್ನು ತಾವೇ ಒರೆಸಿದರು. ಒರೆಸುವ ಮುಂಚೆ ಪ್ರತಿಯೊಂದನ್ನೂ ಹಣೆಗೆ ಒತ್ತಿಕೊಂಡರು. ಒರೆಸಿದ್ದನ್ನು ಗೂಡಿಗೆ ಇಡಲು ನಾನು ಕೈ ಚಾಚಿದೆ. ಕೊಡಲಿಲ್ಲ.

“ನೀ ಆಚಿ ಸರಿ ಸಂ‌ಗ್ಯಾ. ತಂಗಿ, ಬಾ. ನೀನ ಇಡು.”

ಅವರು ಕೊಟ್ಟರು, ಅವಳು ಇಟ್ಟಳು. ಇಡುವ ಮುಂಚೆ ಅವಳು ಪ್ರತಿಯೊಂದನ್ನೂ ಇನ್ನೊಮ್ಮೆ ಒರೆಸಿದಳು. ಬಾಳಪ್ಪನವರು ಒರೆಸಿದ್ದು ಅವಳ ಕಣ್ಣೆದುರಿಗೇ ಇತ್ತು. ಆದರೂ ಒರೆಸಿದಳು. ಅವರು ಅದನ್ನು ಗಮನಿಸಿ ತಲೆಯಾಡಿಸಿದರು. ಸ್ಪಿಂಡಲಿನ ಬಾಯಿಯನ್ನೂ ಸ್ವಚ್ಛ ಮಾಡಿ, ಬೋರಿಂಗ್ ಬಾರಿಗೆ ಡಯಲ್ ಹಿಡಿದು ನೋಡಿದೆವು. ಮುಳ್ಳು ನಿಂತಿತ್ತು.

ಹೊಸ ಕವಚ ಹಾಕಿದಳು. ಆಜ್ಞೆಗಳನ್ನು ಎಂದಿನ ಹಾಗೆ ಬೆರಳಿಟ್ಟು ಓದಿದಳು. ಈ ಸಲ ಗಂಟೆಯ ಮಾತು ಯಾರೂ ಎತ್ತಲಿಲ್ಲ. ಕವಚ ಹೊರಗೆ ಬಂದ ಮೇಲೆ ಗೇಜು ಹಿಡಿದಳು. ಹೋಗಬೇಕಾದ ತುದಿ ಹೋಯಿತು. ಇನ್ನೊಂದು ತುದಿ ಬಾಯಲ್ಲೇ ನಿಂತಿತು.

“ಮೆಜ್ಲೆಂ?” ಎಂದರು ಕಾಮತರು. ನನ್ನನ್ನಲ್ಲ, ಅವಳನ್ನು.

“ಹೋಯ್ ಸಾಹೇಬ್. ಮೆಜ್ಲೆಂ,” ಎಂದು ಅವಳೂ ಕೊಂಕಣಿಯಲ್ಲೇ ಹೌದೆಂದಳು.

ಕಾಮತರು ತಮ್ಮ ಕೋಣೆಗೆ ಹೋದರು. ಪ್ಯಾಕಿಂಗಿನ ಮಾತು ಮತ್ತೆ ಬರಲಿಲ್ಲ. ದೀಪಾವಳಿ ಬಂತು, ಹೋಯಿತು, ಯಂತ್ರ ಅವಳದೇ ಆಯಿತು. ಆ ದಿನ ಬಾಳಪ್ಪ ಲೇಥಿಗೆ ಮರಳಿ, ಅದರ ತಲೆಯ ಮೇಲೆ ಬೆಳಗಿನಿಂದ ಇದ್ದ ಬನ್ನಿಯ ಗೊಂಚಲನ್ನು ನೋಡಿದರು. ಎಲೆಗಳು ಸುರುಟಿದ್ದವು. ಅದರಲ್ಲಿ ಅರ್ಧ ಮುರಿದು ಜೇಬಿಗಿಟ್ಟು, ಉಳಿದರ್ಧವನ್ನು ರೇಣುಕಾಳ ಕೈಯಲ್ಲಿಟ್ಟರು. ಹಿರಿಯರು ಕಿರಿಯರಿಗೆ ತಾವಾಗಿ ಹೋಗಿ ಬನ್ನಿ ಕೊಡುವ ರೂಢಿ ನಮ್ಮಲ್ಲಿಲ್ಲ.

“ಮುಂಜಾನೆ ಕೈ ಖಾಲಿ ಇರಲಿಲ್ಲವಾ,” ಎಂದರು. “ಈಗ ತಗೋ. ಬಂಗಾರದಂಗ ಇರು.”

ಅವಳು ಕಾಲು ಮುಟ್ಟಲು ಬಗ್ಗಿದಳು. ಅವರು ಆಗಲೇ ಲೇಥಿನ ಕಡೆ ತಿರುಗಿದ್ದರು.

ಅಂದಿನಿಂದ ನಮ್ಮಲ್ಲಿ ಒಂದು ನಿಯಮ ಬಂತು. ಯಂತ್ರ ನಡೆಸುವವರೇ ಅದರ ಹತ್ಯಾರು ಇಡಬೇಕು. ಹಿರಿಯರಿರಲಿ, ಸೆಟ್ಟರಿರಲಿ, ಸ್ವತಃ ಕಾಮತರೇ ಇರಲಿ, ಬೇರೆಯವರು ಕೈ ಹಾಕುವಂತಿಲ್ಲ. ನೀವು ಎಲ್ಲೇ ಕೆಲಸಕ್ಕೆ ಸೇರಿದರೂ ಇದನ್ನು ಪಾಲಿಸಿ. ಯಾರಾದರೂ ಪ್ರೀತಿಯಿಂದ ಇಟ್ಟುಕೊಟ್ಟರೂ ಹೊರಗೆ ತೆಗೆದು, ಒರೆಸಿ, ನೀವೇ ಮತ್ತೆ ಇಡಿ. ಅವರಿಗೆ ಬೇಸರವಾದರೆ ಆಗಲಿ.

ಮುಂದಿನ ವರ್ಷದ ಖಂಡೇ ಪೂಜೆಗೆ ನಾನು ಗೇಟಿಗೆ ಹೋಗಲಿಲ್ಲ, ಒಳಗೇ ನಿಂತಿದ್ದೆ. ಬಾಳಪ್ಪನವರಿಗೆ ಅದು ಕೊನೆಯ ಪೂಜೆ, ಯುಗಾದಿಗೆ ಅವರು ಊರಿಗೆ ಹೊರಟುಹೋದರು. ಲೇಥಿಗೆ ಎಂದಿನಂತೆ ಗಂಧ ಏರಿಸಿ, ಆರತಿ ತಟ್ಟೆ ಹಿಡಿದು ಹೊಸ ಯಂತ್ರದ ಮುಂದೆ ಬಂದರು. ಬೆರಳಿಗೆ ಗಂಧ ತೆಗೆದುಕೊಂಡರು. ಬೆರಳು ಗಾಳಿಯಲ್ಲೇ ನಿಂತಿತು. ಸುತ್ತ ನಿಂತವರೆಲ್ಲ ಕಾದರು.

“ತಂಗಿ,” ಎಂದು ಕರೆದರು. “ಇದರ ಮಾರಿ ಎಲ್ಲೈತಿ, ನೀ ತೋರಿಸು.”

ರೇಣುಕಾ ಮುಂದೆ ಬಂದಳು. ಮೊದಲು ಕೈ ಒರೆಸಿಕೊಂಡಳು.